ಮೂಲಜ್ಜಿಯ ಮೀಸೆ

ನದಿಯ ದಂಡೆಯಲ್ಲಿ ಧರಣಪ್ಪ ಇಂದ್ರರ ಆಶ್ರಮವಿತ್ತು. ಅಲ್ಲಿ ಪೂಜೆ ಕಡಿಮೆ, ಇರುವೆ ಜಾಸ್ತಿ.

ಇಂದ್ರರು ಇರುವೆಗಳ ವಂಶ ಬರೆಯುವವರು. ಯಾವ ಇರುವೆ ಯಾವ ಮನೆತನದ್ದು, ಯಾರಿಗೆ ಯಾರು ದಾಯಾದಿ ಎನ್ನುವುದೇ ಅವರ ಶಾಸ್ತ್ರ. ಆದರೆ ಅವರು ಜೈನರು. ಬದುಕಿರುವ ಇರುವೆಗೆ ಸೂಜಿ ಚುಚ್ಚಲು ಅವರ ಕೈ ಏಳಲಿಲ್ಲ. ಹಾಗಾಗಿ ಐದು ಕೋಟಿ ವರ್ಷ ಹಿಂದೆಯೇ ಸತ್ತ ಇರುವೆಗಳ ಬೆನ್ನು ಹಿಡಿದರು.

ಅವು ಸಿಗುವುದು ಅಂಬರಿನಲ್ಲಿ. ಮರದಿಂದ ಅಂಟು ಒಸರುತ್ತದೆ, ಹುಳ ಅದರೊಳಗೆ ಸಿಕ್ಕಿಬೀಳುತ್ತದೆ, ಅಂಟು ಮಣ್ಣಿನಡಿ ಕಲ್ಲಾಗುತ್ತದೆ. ಆ ಕಲ್ಲೇ ಅಂಬರು.

ಆಶ್ರಮದ ಪೆಟ್ಟಿಗೆಯಲ್ಲಿ ಅಂಥ ನೂರಾರು ತುಂಡುಗಳಿದ್ದವು. ಒಂದಕ್ಕೆ ಮಾತ್ರ ರೇಷ್ಮೆ ಬಟ್ಟೆಯ ಹಾಸಿಗೆ. ನೆಲ್ಲಿಕಾಯಿ ಗಾತ್ರದ ಆ ತುಂಡಿನೊಳಗೆ ಇದ್ದವಳು ಮೂಲಜ್ಜಿ.

ಮರದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳಿಗೆಲ್ಲ ಇವಳೇ ಮೊದಲ ತಾಯಿ ಎಂದು ಇಂದ್ರರು ಮೂವತ್ತೆಂಟು ವರ್ಷದ ಹಿಂದೆ ಸಾರಿದ್ದರು. ಅಂಗಳದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಕೆಂಪಿರುವೆಗಳ ವಂಶದ ಮರ ಬರೆದಿದ್ದರು. ಬುಡದಲ್ಲಿ ಮೂಲಜ್ಜಿ. ಶಿಷ್ಯರು ಬೆಳಿಗ್ಗೆ ಆ ಗೋಡೆಗೆ ಕೈ ಮುಗಿದು ಕೆಲಸಕ್ಕೆ ಕೂರುತ್ತಿದ್ದರು.

ಹೊಸ ಶಿಷ್ಯರಿಗೆ ಮೊದಲ ದಿನದ ಪಾಠವೂ ಅವಳೇ. ಅಂಬರಿನ ತುಂಡನ್ನು ಕೈಗೆ ಕೊಟ್ಟು ಗುರುಗಳು ಹೇಳುತ್ತಿದ್ದರು: "ನೋಡಿ ಬರೆ."

ತುಂಡಿನ ಒಂದು ಕಡೆ ತಿಳಿ, ಇನ್ನೊಂದು ಕಡೆ ಹಾಲಿನಂತೆ ಮಬ್ಬು. ತಿಳಿಯಾದ ಕಡೆಯಲ್ಲಿ ಮೂರು ಕಾಲು, ಮುಂದಕ್ಕೆ ಎತ್ತಿದ ಎರಡು ಮೀಸೆ. ಮಬ್ಬಿನ ಕಡೆಗೆ ತಿರುಗಿದ ಮುಖ ಕಾಣಿಸುತ್ತಿರಲಿಲ್ಲ. ಇರುವೆ ಎಂದ ಮೇಲೆ ಆ ಕಡೆಯೂ ಮೂರು ಕಾಲು ಇರಲೇಬೇಕಲ್ಲ. ಶಿಷ್ಯರು ಮೂರು ನೋಡಿ ಆರು ಬರೆಯುತ್ತಿದ್ದರು. ಗುರುಗಳು ತಲೆದೂಗುತ್ತಿದ್ದರು.

ಲೋಕಯ್ಯ ಎಂಬ ಶಿಷ್ಯನೊಬ್ಬ ಮಾತ್ರ ಬರೆಯದೆ ಕೇಳಿದ್ದ: "ಆ ಕಡೆಯನ್ನು ಯಾರಾದರೂ ನೋಡಿದ್ದಾರಾ, ಗುರುಗಳೇ?"

ಗುರುಗಳು ಮೂರು ದಿನ ಅವನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನು ಚೀಲ ಹೆಗಲಿಗೇರಿಸಿ ದೋಣಿ ಹತ್ತಿದ. ಆಮೇಲೆ ಯಾರೂ ಕೇಳಲಿಲ್ಲ.

ಇದಾಗಿ ಒಂಬತ್ತು ವರ್ಷ.

ಈಗ ಗುರುಗಳಿಗೆ ಎಂಬತ್ತೊಂದು. ಜೀವಮಾನದ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಮೊದಲ ಪುಟಕ್ಕೆ ಮೂಲಜ್ಜಿಯ ಚಿತ್ರ ಬೇಕಿತ್ತು, ಎರಡೂ ಕಡೆಯದು.

ಅಂಬರು ಬಿರುಕು ಬಿಟ್ಟೀತೆಂದು ಮಬ್ಬನ್ನು ಇದುವರೆಗೆ ಯಾರೂ ಮುಟ್ಟಿರಲಿಲ್ಲ. ಗುರುಗಳು ಆ ಕೆಲಸವನ್ನು ಜಲಜಾಕ್ಷಿಗೆ ಒಪ್ಪಿಸಿದರು. ಹನ್ನೊಂದು ವರ್ಷದಿಂದ ಇದ್ದವಳು. ಅವಳಷ್ಟು ಹಗುರದ ಕೈ ಆಶ್ರಮದಲ್ಲಿ ಬೇರೆ ಇರಲಿಲ್ಲ.

"ಒದ್ದೆ ಬಟ್ಟೆಯಲ್ಲಿ ಉಜ್ಜು. ಕೂದಲೆಳೆಯಷ್ಟು ಉಜ್ಜು, ನಿಲ್ಲಿಸು, ನೋಡು," ಎಂದರು. "ನಾನು ಬರುವಾಗ ಚಿತ್ರ ಆಗಿರಲಿ."

ಅವರು ಕಣ್ಣಿನ ಪೊರೆ ತೆಗೆಸಲು ಪೇಟೆಯ ಆಸ್ಪತ್ರೆಗೆ ಹೋದರು.

ಜಲಜಾಕ್ಷಿ ನಾಲ್ಕು ದಿನ ಉಜ್ಜಿದಳು. ಐದನೆಯ ದಿನ ಮಧ್ಯಾಹ್ನ ಮಬ್ಬು ಹರಿಯಿತು. ತುಂಡನ್ನು ಭೂತಗನ್ನಡಿಯ ಕೆಳಗಿಟ್ಟು ಬಗ್ಗಿದಳು.

ಎರಡು ದೊಡ್ಡ ದುಂಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅವುಗಳ ಪಕ್ಕದಲ್ಲಿ ಇನ್ನೂ ಸಣ್ಣ ಕಣ್ಣುಗಳು.

ಇರುವೆಯ ಕಣ್ಣು ಹಾಗಿರುವುದಿಲ್ಲ.

ಅವಳು ಮೀಸೆಗಳನ್ನು ನೋಡಿದಳು. ಅವು ಹಣೆಯಿಂದ ಹೊರಟಿರಲಿಲ್ಲ. ಉಳಿದ ಕಾಲುಗಳು ಹೊರಟ ಕಡೆಯಿಂದಲೇ ಹೊರಟಿದ್ದವು. ತುದಿಯಲ್ಲಿ ಉಗುರಿತ್ತು.

ಮೀಸೆಗೆ ಉಗುರೇ!

ಎಣಿಸಿದಳು. ಎಂಟು. ಮತ್ತೆ ಎಣಿಸಿದಳು. ಎಂಟು. ಕಣ್ಣೊರೆಸಿಕೊಂಡು ಎಣಿಸಿದಳು. ಆಗಲೂ ಎಂಟೇ. ಎಂಟೂ ಕಾಲುಗಳೇ. ಮೀಸೆ ಎನ್ನುವುದು ಅಲ್ಲಿ ಇರಲೇ ಇಲ್ಲ.

ಎದ್ದು ಹಿತ್ತಲಿನ ಮಾವಿನ ಮರಕ್ಕೆ ಓಡಿದಳು. ಕೊಂಬೆಯ ಮೇಲೆ ಕೆಂಪಿರುವೆಗಳು ಸಾಲು ಹೋಗುತ್ತಿದ್ದವು. ಸಾಲಿನಿಂದ ಸ್ವಲ್ಪ ದೂರದಲ್ಲಿ ಒಂದು ಒಂಟಿಯಾಗಿ ನಡೆಯುತ್ತಿತ್ತು. ಅದೇ ಬಣ್ಣ, ಅದೇ ನಡು, ಮೀಸೆಯಂತೆ ಎತ್ತಿ ಆಡಿಸುವ ಎರಡು ಮುಂಗಾಲು. ಅವಳು ಬೆರಳು ಹತ್ತಿರ ತಂದಳು. ಅದು ನೂಲು ಬಿಟ್ಟು ಕೆಳಗೆ ಜಾರಿತು.

ಇರುವೆ ನೂಲು ಬಿಟ್ಟುಕೊಂಡು ಇಳಿಯುವುದಿಲ್ಲ. ಇಳಿಯುವುದು ಜೇಡ.

ಮೂಲಜ್ಜಿ ಇರುವೆಗಳ ಅಜ್ಜಿಯಲ್ಲ. ಇರುವೆಯೂ ಅಲ್ಲ. ಇರುವೆಯ ವೇಷ ಹಾಕಿದ ಜೇಡ.

ಅಂದು ಅವಳಿಗೆ ಊಟ ಸೇರಲಿಲ್ಲ. ಗೋಡೆಯ ಮರದ ಕಡೆ ನೋಡಲೂ ಆಗಲಿಲ್ಲ. ಹೇಳಿದರೆ ಗುರುಗಳ ಮೂವತ್ತೆಂಟು ವರ್ಷ ಹೋಗುತ್ತದೆ, ಪುಸ್ತಕ ಹೋಗುತ್ತದೆ. ತಾನೂ ಲೋಕಯ್ಯನಂತೆ ದೋಣಿ ಹತ್ತಬೇಕಾಗುತ್ತದೆ. ಅವಳಿಗೆ ಬೇರೆ ಮನೆ ಇರಲಿಲ್ಲ.

ಮರುದಿನ ಚಿತ್ರ ಬರೆದಳು. ಬಹಳ ಚಂದದ ಚಿತ್ರ. ಆರು ಕಾಲು, ಎರಡು ಮೀಸೆ.

ಗುರುಗಳು ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು. ಜಗಲಿಯಲ್ಲಿ ಕೂತು ಮೊದಲು ಕೇಳಿದ್ದೇ ಅದನ್ನು.

"ಆ ಕಡೆ ಎಂಥ ಕಂಡಿತು, ಜಲಜಾ?"

"ನೀವು ಹೇಳಿದ್ದೇ ಉಂಟು, ಗುರುಗಳೇ."

"ಮೂರು ಕಾಲಾ?"

"ಮೂರು."

ಗುರುಗಳು ಸಂತೋಷದಿಂದ ನಕ್ಕರು. ಆ ನಗು ನೋಡಿ ಅವಳಿಗೆ ಅಳು ಬಂತು.

"ಡಾಕ್ಟ್ರು ನನಗೆ ಹೊಸ ಕಣ್ಣೇ ಕೊಟ್ಟಿದ್ದಾರೆ ಮಾರಾಯ್ತಿ," ಎಂದರು. "ಇವತ್ತಿನಿಂದ ಕನ್ನಡಕ ತೆಗೆಯಬಹುದು ಅಂದಿದ್ದಾರೆ. ಅಜ್ಜಿಯನ್ನೇ ಮೊದಲು ನೋಡುವ ಅಂತ ಕಣ್ಣು ಮುಚ್ಚಿಕೊಂಡು ಬಂದದ್ದು."

ಜಲಜಾಕ್ಷಿ ಇದನ್ನು ಎಣಿಸಿರಲಿಲ್ಲ.

"ಬಿಸಿಲು ಜೋರುಂಟು, ನಾಳೆ ನೋಡಿ," ಎಂದಳು.

"ಬಿಸಿಲೇ ಬೇಕು."

ಅವರು ಕನ್ನಡಕ ತೆಗೆದು, ತುಂಡನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ಟರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ನಡುವೆ ತುಟಿ ನಿಂತಿತು.

ಭೂತಗನ್ನಡಿ ಕೈಯಿಂದ ಬಿದ್ದು ಜಗಲಿಯ ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಹೋಯಿತು. ಇಬ್ಬರೂ ಅದನ್ನು ಹೆಕ್ಕಲಿಲ್ಲ.

"ಇದು ಎಂಥದು?"

"ಜೇಡ, ಗುರುಗಳೇ."

"ಮೂವತ್ತೆಂಟು ವರ್ಷ ನಾವು ಜೇಡಕ್ಕೆ ಕೈ ಮುಗಿದೆವಾ?"

ಅವಳು ತುಂಡನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನಿನಗೆ ಯಾವಾಗ ಗೊತ್ತಾಯಿತು?"

"ಐದನೇ ದಿನ."

"ಚಿತ್ರ ಬರೆದದ್ದು?"

"ಆರನೇ ದಿನ."

ಜೇಡವನ್ನು ಕಂಡಾಗ ಬಿಳಿಚಿದ್ದ ಗುರುಗಳ ಮುಖ ಈಗ ಇನ್ನೂ ಬಿಳಿಚಿತು.

"ನಾನು ಆರು ಬರೆದದ್ದು ಕಾಣದೆ," ಎಂದರು. "ನೀನು ಕಂಡು ಬರೆದೆ."

"ನಿಮಗೆ ನೋವಾಗುತ್ತದೆ ಅಂತ."

"ಅಷ್ಟೆಯಾ?"

ಅವಳು ನೆಲ ನೋಡುತ್ತ ಹೇಳಿದಳು: "ಹೆದರಿಕೆಯಾಯಿತು. ಲೋಕಯ್ಯ ಕೇಳಿದಾಗ ನೀವು ಮೂರು ದಿನ ಮಾತಾಡಲಿಲ್ಲ. ಅವನು ದೋಣಿ ಹತ್ತುವಾಗ ನೀವು ಇಲ್ಲೇ ಕೂತಿದ್ದಿರಿ. ಕರೆಯಲಿಲ್ಲ."

ಹನ್ನೊಂದು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದ್ದು ಅದೇ ಮೊದಲು. ಆಡಿದ ಮೇಲೆ ತಾನೇ ಬೆಚ್ಚಿದಳು.

ಗುರುಗಳು ನದಿಯ ಕಡೆ ನೋಡುತ್ತಿದ್ದರು.

"ಜೇಡ ಇರುವೆಯ ವೇಷ ಯಾಕೆ ಹಾಕುತ್ತದೆ?"

"ತಿನ್ನುವವರಿಂದ ತಪ್ಪಿಸಿಕೊಳ್ಳಲು. ಕಚ್ಚುವ ಇರುವೆ ಅಂತ ಹಕ್ಕಿ, ಹಲ್ಲಿಗಳು ದೂರ ಹೋಗುತ್ತವೆ."

"ಹೌದು," ಎಂದರು ಗುರುಗಳು. "ಹಾಗಾದರೆ ಈ ಆಶ್ರಮದಲ್ಲಿ ತಿನ್ನುವವನು ನಾನು."

ಜಲಜಾಕ್ಷಿ ತಲೆಯೆತ್ತಿದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಇದಕ್ಕಲ್ಲ.

ಗುರುಗಳು ಎದ್ದರು. ಕೊಡದ ನೀರಲ್ಲಿ ಬಟ್ಟೆ ಅದ್ದಿ, ಗೋಡೆಯ ಬಳಿ ಮೊಣಕಾಲೂರಿ ಕೂತು, ಮರದ ಬುಡವನ್ನು ಒರೆಸತೊಡಗಿದರು. ಕೆಮ್ಮಣ್ಣು ಅವರ ಪಂಚೆಯ ಮೇಲೆಲ್ಲ ಹರಿಯಿತು. ಅವಳು ಬಟ್ಟೆ ಕಸಿದುಕೊಳ್ಳಲು ಹೋದಳು. ಅವರು ಕೊಡಲಿಲ್ಲ.

ಮೇಲೆ ಕೊಂಬೆಗಳು ಹಾಗೇ ಉಳಿದವು, ಕೆಳಗೆ ಬರಿಯ ಒದ್ದೆ ಗೋಡೆ.

"ಬುಡವೇ ಹೋಯಿತಲ್ಲ, ಗುರುಗಳೇ!"

"ಎಲ್ಲಿ ಹೋಯಿತು? ಐದು ಕೋಟಿ ವರ್ಷದ ಹಿಂದೆ ಈ ಜೇಡ ಮೀಸೆ ಕುಣಿಸಲು ಕಲಿತದ್ದು ಯಾರನ್ನು ನೋಡಿ?"

ಅವಳಿಗೆ ಥಟ್ಟನೆ ಹೊಳೆಯಿತು. ವೇಷವಿದ್ದ ಮೇಲೆ ಅಸಲು ಇತ್ತು. ಅದೇ ಕಾಡಿನಲ್ಲಿ, ಈ ಜೇಡಕ್ಕಿಂತ ಮೊದಲೇ, ನಿಜವಾದ ಕೆಂಪಿರುವೆಗಳು ಸಾಲುಗಟ್ಟಿ ನಡೆಯುತ್ತಿದ್ದವು. ಅಜ್ಜಿ ಇದ್ದಳು. ಅವಳನ್ನು ಇನ್ನೂ ಯಾರೂ ಕಂಡಿರಲಿಲ್ಲ, ಅಷ್ಟೆ.

ಜಲಜಾಕ್ಷಿ ಒಳಗೆ ಹೋಗಿ ತನ್ನ ಚಂದದ ಚಿತ್ರವನ್ನು ತಂದು, ಗುರುಗಳ ಎದುರೇ ಹರಿದಳು.

"ಪುಸ್ತಕದ ಮೊದಲ ಪುಟ ಖಾಲಿಯಾಯಿತು," ಎಂದಳು. "ಅಲ್ಲಿ ಜೇಡದ ಚಿತ್ರ ಬರೆಯಲಾ?"

"ಅದು ಎರಡನೇ ಪುಟಕ್ಕೆ."

"ಮೊದಲನೆಯದಕ್ಕೆ?"

ಗುರುಗಳು ಕೆಂಪಾದ ಬಟ್ಟೆಯನ್ನು ಹಿಂಡಿದರು.

"ಲೋಕಯ್ಯನ ಪ್ರಶ್ನೆ ಬರೆ."