ಮಡಿಲಿಗೆ ಐದು ಸೀತಾಫಲ

"ಬುದ್ಧಿ, ಮುನಿಸಿಕೊಂಡವರ ಮನೆಗೆ ಮನಸ್ಸು ಪೂರ್ತಿ ತಿಳಿಯಾದ ಮೇಲೆ ಹೋಗಬೇಕೋ, ತಿಳಿಯಾಗುವ ಮೊದಲೇ ಹೋಗಬಹುದೋ?" ಎಂದು ಮಠದ ಶಿಷ್ಯ ಮರಿದೇವ ಗುರುಗಳನ್ನು ಕೇಳಿದ.

ಅವನಿಗೂ ಅವನ ಅಣ್ಣನಿಗೂ ಮಾತು ನಿಂತು ವರ್ಷಗಳಾಗಿದ್ದವು. ಈಗ ಅಣ್ಣನೇ ಸೋತು, ದೀಪಾವಳಿಗೆ ಮನೆಗೆ ಬಾ ಎಂದು ಹೇಳಿ ಕಳಿಸಿದ್ದ. ಮರಿದೇವನಿಗೂ ಹೋಗುವ ಆಸೆಯೇ. ಆದರೆ ಎದೆಯಲ್ಲಿ ಇನ್ನೂ ಒಂದು ಚೂರು ಕೋಪ ಉಳಿದಿತ್ತು. ಅದು ಕರಗಿದ ಮೇಲೆ ಹೋದರೆ ಚೆನ್ನ ಎಂದು ಅವನ ಎಣಿಕೆ.

ಗುರುಗಳು ಭಕ್ತರು ತಂದಿಟ್ಟಿದ್ದ ಸೀತಾಫಲದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದನ್ನೇ ಮುಟ್ಟಿ ನೋಡಿ, ಮೆತ್ತಗಿದ್ದ ಒಂದನ್ನು ಆರಿಸಿ ಎರಡು ಹೋಳು ಮಾಡಿ, ಒಂದನ್ನು ಶಿಷ್ಯನ ಕೈಗಿಟ್ಟರು.

"ತಿನ್ನು. ತಿನ್ನುತ್ತಾ ಕೇಳು. ಬೀಜ ನುಂಗಿಬಿಟ್ಟೀಯೆ, ಜೋಕೆ," ಎಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಗುಡ್ಡದ ಸೀತಾಫಲ ಆರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಕಾಯಿಯ ಗಂಟುಗಳ ನಡುವಿನ ಸಂದು ಅಗಲವಾಗಿ ಬೆಳ್ಳಗಾದರೆ ಅದು ಕಣ್ಣು ಬಿಟ್ಟಿತು ಎಂದು ಅರ್ಥ. ಅಂಥದನ್ನೇ ಕಿತ್ತು ತಂದು, ಮಡಕೆಯಲ್ಲಿ ಒಣಹುಲ್ಲು ಹಾಸಿ ಮುಚ್ಚಿಟ್ಟು ಹಣ್ಣು ಮಾಡುತ್ತಿದ್ದಳು. ಕಣ್ಣು ಬಿಡದ್ದನ್ನು ಕಿತ್ತರೆ ಕರ್ರಗೆ ಒಣಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ.

ಅವಳಿಗೊಬ್ಬಳು ತಂಗಿ. ಚಿಕ್ಕವರಿದ್ದಾಗ ಇಬ್ಬರೂ ಗುಡ್ಡದ ಬಂಡೆಯ ಮೇಲೆ ಕೂತು ಒಂದೇ ಹಣ್ಣನ್ನು ಹಂಚಿಕೊಂಡು ತಿಂದು, ಯಾರ ಬೀಜ ದೂರ ಬೀಳುತ್ತದೆ ಎಂದು ಉಗಿದು ನೋಡುತ್ತಿದ್ದರು. ತಾಯಿ ತೀರಿಹೋದ ಮೇಲೆ ತಂಗಿಗೆ ಅಕ್ಕನ ಮನೆಯೇ ತವರು. ಆದರೆ ತಂಗಿಯ ಮದುವೆಯಲ್ಲಿ ಅಕ್ಕ ಬೀಗರ ಮುಂದೆ ಒಂದು ಒರಟು ಮಾತು ಆಡಿಬಿಟ್ಟಳು. ಮಾತಿಗೆ ಮಾತು ಬೆಳೆದು, ಹೋಗುವುದು ಬರುವುದು ನಿಂತೇಹೋಯಿತು. ತಪ್ಪು ತನ್ನದೇ ಎಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದರೆ ಏನು ಬಂತು? ಹೋಗಿ ಹೇಳಲು ಬಾಯಿ ಬರಬೇಕಲ್ಲ!

ತಂಗಿ ಬಸುರಿಯಾದಳು. ದಿನ ತುಂಬುತ್ತಾ ಬಂದಾಗ, ಆ ಕಡೆ ಹೋಗುವವರ ಹತ್ತಿರ ಹೇಳಿ ಕಳಿಸಿದಳು. "ನಮ್ಮ ಗುಡ್ಡದ ಸೀತಾಫಲ ತಿನ್ನಬೇಕು ಅಂತ ಬಯಕೆಯಾಗಿದೆ ಎಂದು ಅಕ್ಕನಿಗೆ ಹೇಳಿ."

ಅದನ್ನು ಕೇಳಿ ಅಕ್ಕನ ಕಣ್ಣಲ್ಲಿ ನೀರು ಬಂತು. ಅಂದೇ ಗುಡ್ಡ ಹತ್ತಿದಳು. ಬಸುರಿಯ ಮಡಿಲಿಗೆ ಐದು ಹಣ್ಣು ಹಾಕುವುದು ಅವರ ಪದ್ಧತಿ. ಐದೂ ಒಂದೇ ಗಾತ್ರದವು, ಕಲೆಯಿಲ್ಲದವು, ಒಂದೇ ದಿನ ಹಣ್ಣಾದವು ಇರಬೇಕು ಎಂದು ಅವಳು ಹಟ ಹಿಡಿದಳು. ಅಂಥ ಐದು ಹಣ್ಣು ಕೊಟ್ಟರೆ ತಾನು ಆಡಿದ ಮಾತನ್ನು ತಂಗಿ ಮರೆಯುತ್ತಾಳೆ ಎಂದು ಅವಳ ಆಸೆ, ಪಾಪ.

ಆದರೆ ಸೀತಾಫಲ ಯಾರ ಮಾತು ಕೇಳುತ್ತದೆ? ಬೆಳಿಗ್ಗೆ ಮಡಕೆ ತೆಗೆದರೆ ಎರಡು ಮೆತ್ತಗಾಗಿರುತ್ತಿದ್ದವು, ಮೂರು ಕಲ್ಲಿನಂತೆ ಕೂತಿರುತ್ತಿದ್ದವು. ಆ ಮೂರು ಹಣ್ಣಾಗುವ ಹೊತ್ತಿಗೆ ಮೊದಲಿನವು ಒಡೆದು ಹುಳಿ ವಾಸನೆ ಬರುತ್ತಿತ್ತು. ಅವನ್ನು ಎಸೆದು ಮತ್ತೆ ಗುಡ್ಡ ಹತ್ತುವಳು. ಮತ್ತೆ ಅದೇ ಪಾಡು.

ಅವಳ ಗಂಡ ನೋಡಿ ನೋಡಿ ಸಾಕಾಗಿ, "ಅಲ್ಲ ಕಣೇ, ಆಗಿರುವ ಎರಡನ್ನೇ ಕೊಟ್ಟು ಬರಬಾರದೇ? ಅವಳು ಕೇಳಿದ್ದು ತಿನ್ನುವುದಕ್ಕೆ," ಎಂದ.

"ನೀವು ಸುಮ್ಮನಿರಿ. ಎರಡು ಹಣ್ಣು ಹಿಡಿದುಕೊಂಡು ಹೋದರೆ ಬೀಗರು ಆಡಿಕೊಳ್ಳುವುದಿಲ್ಲವೇ? ಅವರ ಮುಂದೆ ಇನ್ನೊಂದು ಸಲ ನಾನು ಸಣ್ಣವಳಾಗಲಾರೆ," ಎಂದಳು.

ಕೊನೆಗೂ ಐದು ಹಣ್ಣು ಕೂಡಿ ಬಂದವು. ಅಷ್ಟರಲ್ಲಿ ಗುಡ್ಡದಲ್ಲಿ ಕಾಯಿಯೇ ಮುಗಿಯುತ್ತಾ ಬಂದಿತ್ತು. ಅವಳು ಬುಟ್ಟಿಯಲ್ಲಿ ಹುಲ್ಲು ಹಾಸಿ, ಒಂದೂ ನಲುಗದ ಹಾಗೆ ಹೊತ್ತು ನಡೆದಳು. ತಂಗಿಯ ಮನೆ ಬಾಗಿಲಿಗೆ ಬಂದಾಗ ಒಳಗಿನಿಂದ ಕೂಸು ಅಳುವುದು ಕೇಳಿಸಿತು. ಹೆರಿಗೆಯಾಗಿಹೋಗಿತ್ತು.

ತಂಗಿ ಅಕ್ಕನನ್ನು ಕಂಡು ಅತ್ತಳು. ಅಕ್ಕನೂ ಅತ್ತಳು. ಬುಟ್ಟಿ ತೆರೆದೊಡನೆ ಕೋಣೆಯೆಲ್ಲ ಘಮ್ಮೆಂದಿತು. ತಂಗಿ ಆಸೆಯಿಂದ ಒಂದನ್ನು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅವಳ ಅತ್ತೆ ಬಾಗಿಲಿಂದಲೇ, "ಬೇಡ ಕಣಮ್ಮ. ಬಾಣಂತಿಗೆ ಅದು ತಂಪು. ಕೂಸಿಗೆ ನೆಗಡಿಯಾದೀತು," ಎಂದಳು. ಗದರಿ ಹೇಳಿದ್ದಲ್ಲ. ಯಾವ ಮನೆಯಲ್ಲಾದರೂ ಹಿರಿಯರು ಹೇಳುವ ಮಾತೇ.

ತಂಗಿ ಹಣ್ಣನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ಮೆಲ್ಲಗೆ ಬುಟ್ಟಿಯಲ್ಲೇ ಇಟ್ಟಳು.

"ಒಂದೇ ಒಂದು ತಂದಿದ್ದರೂ ಆಗುತ್ತಿತ್ತಲ್ಲ ಅಕ್ಕ. ಒಡೆದಿದ್ದರೂ ತಿನ್ನುತ್ತಿದ್ದೆ. ನೀನು ಬರುತ್ತೀಯ ಅಂತ ದಿನಾ ಬಾಗಿಲಲ್ಲೇ ಕೂತಿರುತ್ತಿದ್ದೆ," ಎಂದಳು.

ಗುರುಗಳು ಕತೆ ನಿಲ್ಲಿಸಿ, ತಿಂದುಳಿದ ಬೀಜಗಳನ್ನು ಎಲೆಯ ಮೇಲೆ ಹಾಕಿದರು. ಮರಿದೇವನ ಕೈಯಲ್ಲಿದ್ದ ಹೋಳು ಹಾಗೆಯೇ ಇತ್ತು.

"ಆ ಐದು ಹಣ್ಣು ಏನಾದವು, ಬುದ್ಧಿ?" ಎಂದು ಅವನು ಕೇಳಿದ.

"ಅದಿರಲಿ. ನಿಮ್ಮಣ್ಣ ಇನ್ನೂ ಎಷ್ಟು ದಿನ ಬಾಗಿಲಲ್ಲಿ ಕೂತಿರಬೇಕು, ಮರಿದೇವ?"