ಕುಂಯ್ ಅಂದ ನೀಲಿ ಕಾರು

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಿಚಿ ಕೂತ್ಕೊಳ್ಳಿ.

ಒಂದು ಗುಡ್ಡ ಇತ್ತು. ಗುಡ್ಡದ ಮೇಲೆ ಒಂದು ಹಟ್ಟಿ. ಗುಡ್ಡದ ಕೆಳಗೆ ಒಂದು ಊರು. ಊರಿನಲ್ಲಿ ಅಂಗನವಾಡಿ. ಹಟ್ಟಿಯಲ್ಲಿ ಚೆಲುವಮ್ಮ. ಚೆಲುವಮ್ಮನ ಹತ್ತಿರ ಒಂದು ಹಳೇ ನೀಲಿ ಕಾರು.

ಬೆಳಿಗ್ಗೆ ಅವಳು ಹಟ್ಟಿಯ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕೆಳಗೆ ಬಿಡುವಳು. ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಮತ್ತೆ ಮೇಲೆ ಕರೆತರುವಳು. ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗುತ್ತಿತ್ತು. ಒಳಗೆ ಮಕ್ಕಳ ಮಾತೇ ಮಾತು.

ಒಂದು ಮಧ್ಯಾಹ್ನ ಏನಾಯಿತು? ಗುಡ್ಡ ಹತ್ತುವಾಗ ಕಾರಿನ ಆ ಸದ್ದಿಲ್ಲದ ಓಟ ಕಳೆದುಹೋಯಿತು.

ಕಾರು ಕುಂಯ್ಯ್ಯ್ ಅಂದಿತು. ಸ್ವಲ್ಪ ದೂರ ಸುಮ್ಮನೆ ಹೋಯಿತು. ಮತ್ತೆ ಕುಂಯ್ಯ್ಯ್ ಅಂದಿತು.

ಮಕ್ಕಳು ಕಿವಿಗೊಟ್ಟರು.

"ಚೆಲುವತ್ತೆ, ಕಾರು ಅಳ್ತಾ ಇದೆ," ಅಂದಳು ತುಂಗಾ. ತುಂಗಾ ಎಲ್ಲರಿಗಿಂತ ಚಿಕ್ಕವಳು.

"ಇಲ್ಲ ಕಂದಾ, ಏನೋ ಸದ್ದು."

"ಅದಕ್ಕೆ ಹೊಟ್ಟೆನೋವು. ನಾವೆಲ್ಲ ಭಾರ. ನಾವು ಇಳೀತೀವಿ."

ತುಂಗಾ ಇಳಿದಳು. ಅವಳ ಹಿಂದೆ ಎಲ್ಲರೂ ಇಳಿದರು. ನೆತ್ತಿಯ ಮೇಲೆ ಬಿಸಿಲು. ಕಾಲ ಕೆಳಗೆ ಕಾದ ಬಂಡೆ. ತುಂಗಾಳ ಅಂಗಾಲು ಕೆಂಪಗಾಯಿತು. ಆದರೂ ಮಕ್ಕಳು ಕಾರು ಹತ್ತಲಿಲ್ಲ. ಚೆಲುವಮ್ಮ ಖಾಲಿ ಕಾರು ಓಡಿಸಿಕೊಂಡು ಅವರ ಹಿಂದೆ ಹಿಂದೆ ಹೋದಳು. ಅವಳ ಕಣ್ಣು ತುಂಬಿ ಬಂತು.

ಮಾರನೆಯ ಬೆಳಿಗ್ಗೆಯೂ ಮಕ್ಕಳು ನಡೆದೇ ಕೆಳಗಿಳಿದರು.

"ಮಧ್ಯಾಹ್ನ ಗಂಟೆ ಹೊಡೆಯೋದರೊಳಗೆ ಕಾರನ್ನ ಸುಮ್ಮನಾಗಿಸ್ತೀನಿ," ಅಂದಳು ಚೆಲುವಮ್ಮ.

"ಆಗ ಹತ್ತುತ್ತೀವಿ," ಅಂದರು ಮಕ್ಕಳು.

ಚೆಲುವಮ್ಮ ಕಾರು ಹೊರಡಿಸಿದಳು. ಒಮ್ಮೆ ಕುಂಯ್, ಒಮ್ಮೆ ಸುಮ್ಮ. ಒಮ್ಮೆ ಕುಂಯ್, ಒಮ್ಮೆ ಸುಮ್ಮ. ಕಾರು ರಿಪೇರಿ ಮಾಡುವ ದಸ್ತಗೀರನ ಅಂಗಡಿಗೆ ಹೋದಳು.

"ದಸ್ತಗೀರಣ್ಣ, ದಸ್ತಗೀರಣ್ಣ, ಸದ್ದು ಹುಡುಕಿಕೊಡು. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

ದಸ್ತಗೀರ ಕಾರಿನ ಮುಂದೆ ನಿಂತು ಕಿವಿಗೊಟ್ಟ. ಕಾರು ಜಾಣ ಮಗುವಿನ ಹಾಗೆ ಸುಮ್ಮನೆ ನಿಂತಿತ್ತು.

"ಯಾವಾಗ ಕೂಗತ್ತೆ ಚೆಲುವಕ್ಕ?"

"ಒಮ್ಮೊಮ್ಮೆ."

"ಒಮ್ಮೊಮ್ಮೆ ಅಂದರೆ ಯಾವಾಗ?"

"ಅದೇ ಗೊತ್ತಾಗ್ತಿಲ್ಲ ಅಣ್ಣ."

"ಬರೀ ಕಿವಿಗೆ ಇದು ಸಿಗಲ್ಲ," ಅಂದ ದಸ್ತಗೀರ. "ರಬ್ಬರ್ ಪೈಪು ಬೇಕು. ಒಂದು ತುದಿ ಕಿವಿಗೆ, ಒಂದು ತುದಿ ಇಂಜಿನ್ನಿಗೆ. ನನ್ನ ಪೈಪು ಹೂವಿನ ಪುಟ್ಟತಾಯಮ್ಮನ ಹತ್ತಿರ ಇದೆ. ತಗೊಂಡು ಬಾ."

ಕಾರು ಹೊರಟಿತು. ಒಮ್ಮೆ ಕುಂಯ್, ಒಮ್ಮೆ ಸುಮ್ಮ. ಪುಟ್ಟತಾಯಮ್ಮ ತನ್ನ ಕನಕಾಂಬರದ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು.

"ಪುಟ್ಟತಾಯಕ್ಕ, ಪುಟ್ಟತಾಯಕ್ಕ, ಪೈಪು ಕೊಡು. ಪೈಪು ಸಿಕ್ಕರೆ ಸದ್ದು ಸಿಗತ್ತೆ. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

"ಪೈಪು ಕೊಡಲ್ಲ ಕಣಮ್ಮ. ಎಳೇ ಗಿಡ, ಬಾಡಿಹೋಗ್ತಾವೆ. ನನ್ನ ಕೊಡ ಒಡೆದುಹೋಗಿದೆ. ಕುಂಬಾರ ದೊಡ್ಡಯ್ಯನ ಹತ್ತಿರ ಒಂದು ಕೊಡ ತಾ, ಪೈಪು ತಗೋ."

ಕಾರು ಹೊರಟಿತು. ಒಮ್ಮೆ ಕುಂಯ್, ಒಮ್ಮೆ ಸುಮ್ಮ. ಕುಂಬಾರ ದೊಡ್ಡಯ್ಯ ಗಡಿಗೆ ಸುಡುವ ಒಲೆಯ ಮುಂದೆ ಕೈಕಟ್ಟಿ ಕೂತಿದ್ದ.

"ದೊಡ್ಡಯ್ಯ ಮಾವ, ದೊಡ್ಡಯ್ಯ ಮಾವ, ಕೊಡ ಕೊಡು. ಕೊಡ ಸಿಕ್ಕರೆ ಪೈಪು ಸಿಗತ್ತೆ. ಪೈಪು ಸಿಕ್ಕರೆ ಸದ್ದು ಸಿಗತ್ತೆ. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

"ಕೊಡ ಕೊಡಲ್ಲ ತಾಯಿ. ಒಲೆ ಆರ್ತಾ ಇದೆ. ಒಲೆ ಆರಿದರೆ ಒಳಗಿರೋ ಗಡಿಗೆ ಎಲ್ಲಾ ಹಾಳು. ಮಿಲ್ಲಿನ ಗಿರಿಯಪ್ಪನ ಹತ್ತಿರ ಒಂದು ಮೂಟೆ ಹೊಟ್ಟು ತಾ, ಕೊಡ ತಗೋ."

ಕಾರು ಹೊರಟಿತು. ಒಮ್ಮೆ ಕುಂಯ್, ಒಮ್ಮೆ ಸುಮ್ಮ. ಅಕ್ಕಿ ಮಿಲ್ಲು ಒಂದು ದಿಬ್ಬದ ಮೇಲಿತ್ತು. ಗಿರಿಯಪ್ಪ ಮಿಲ್ಲಿನ ಒಳಗಿದ್ದ. ಮಿಲ್ಲಿನ ಬಾಗಿಲಿಗೆ ಅಡ್ಡವಾಗಿ ಒಂದು ಎಮ್ಮೆ ಮಲಗಿತ್ತು.

"ಗಿರಿಯಪ್ಪಣ್ಣ, ಗಿರಿಯಪ್ಪಣ್ಣ, ಹೊಟ್ಟು ಕೊಡು. ಹೊಟ್ಟು ಸಿಕ್ಕರೆ ಕೊಡ ಸಿಗತ್ತೆ. ಕೊಡ ಸಿಕ್ಕರೆ ಪೈಪು ಸಿಗತ್ತೆ. ಪೈಪು ಸಿಕ್ಕರೆ ಸದ್ದು ಸಿಗತ್ತೆ. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

"ಹೆಂಗಮ್ಮ ಕೊಡಲಿ?" ಅಂದ ಗಿರಿಯಪ್ಪ ಒಳಗಿನಿಂದ. "ನಾನೇ ಹೊರಗೆ ಬರೋಕಾಗ್ತಿಲ್ಲ. ಎಮ್ಮೆಯನ್ನ ಎಬ್ಬಿಸು, ಹೊಟ್ಟು ತಗೋ."

ಚೆಲುವಮ್ಮ ಎಮ್ಮೆಯ ಕಿವಿಯ ಹತ್ತಿರ ಬಗ್ಗಿದಳು.

"ಎಮ್ಮೆ ಎಮ್ಮೆ, ಎದ್ದೇಳು. ನೀನೆದ್ದರೆ ಹೊಟ್ಟು ಸಿಗತ್ತೆ. ಹೊಟ್ಟು ಸಿಕ್ಕರೆ ಕೊಡ ಸಿಗತ್ತೆ. ಕೊಡ ಸಿಕ್ಕರೆ ಪೈಪು ಸಿಗತ್ತೆ. ಪೈಪು ಸಿಕ್ಕರೆ ಸದ್ದು ಸಿಗತ್ತೆ. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

ಎಮ್ಮೆ ಎಲ್ಲವನ್ನೂ ಕೇಳಿಸಿಕೊಂಡಿತು. ಬಾಲ ಅಲ್ಲಾಡಿಸಿತು. ಮೆಲುಕು ಹಾಕಿತು. ಏಳಲಿಲ್ಲ.

"ಅದು ಕೆಂಪಜ್ಜಿಯ ಎಮ್ಮೆ," ಅಂದ ಗಿರಿಯಪ್ಪ. "ಕೆಂಪಜ್ಜಿ ಕರೆದರೆ ಮಾತ್ರ ಏಳತ್ತೆ. ದಿಬ್ಬದ ಕೆಳಗೇ ಅವಳ ಮನೆ."

ಕಾರು ದಿಬ್ಬ ಇಳಿಯಿತು. ಇಳಿಯುವಾಗ ಬರೀ ಸುಮ್ಮ. ಕೆಂಪಜ್ಜಿ ಜಗುಲಿಯ ಮೇಲೆ ಮೊಮ್ಮಗುವನ್ನು ಎತ್ತಿಕೊಂಡು ಅತ್ತ ಇತ್ತ ಓಡಾಡುತ್ತಿದ್ದಳು. ಕೂಸು ವಾಂಯ್ ವಾಂಯ್ ಅಂತ ಅಳುತ್ತಿತ್ತು.

"ಕೆಂಪಜ್ಜಿ, ಕೆಂಪಜ್ಜಿ, ಎಮ್ಮೆಯನ್ನ ಕರಿ ಬಾ. ನೀ ಬಂದರೆ ಎಮ್ಮೆ ಏಳತ್ತೆ. ಎಮ್ಮೆ ಎದ್ದರೆ ಹೊಟ್ಟು ಸಿಗತ್ತೆ. ಹೊಟ್ಟು ಸಿಕ್ಕರೆ ಕೊಡ ಸಿಗತ್ತೆ. ಕೊಡ ಸಿಕ್ಕರೆ ಪೈಪು ಸಿಗತ್ತೆ. ಪೈಪು ಸಿಕ್ಕರೆ ಸದ್ದು ಸಿಗತ್ತೆ. ಸದ್ದು ಸಿಕ್ಕರೆ ಕಾರು ಸುಮ್ಮನಾಗತ್ತೆ. ಕಾರು ಸುಮ್ಮನಾದರೆ ಮಕ್ಕಳು ಹತ್ತುತ್ತಾವೆ."

"ಬರಕ್ಕಾಗಲ್ಲ ನನ್ನವ್ವ," ಅಂದಳು ಕೆಂಪಜ್ಜಿ. "ಕೂಸಿಗೆ ಹಲ್ಲು ಬರ್ತಾ ಇದೆ. ಕೋಳಿ ಕೂಗಿದಾಗಿಂದ ಅಳ್ತಾನೇ ಇದೆ. ಅದು ಮಲಗಲಿ, ಬರ್ತೀನಿ."

ಚೆಲುವಮ್ಮ ಸೂರ್ಯನ ಕಡೆ ನೋಡಿದಳು. ಸೂರ್ಯ ಮೇಲೇರಿಬಿಟ್ಟಿದ್ದ. ಇನ್ನೇನು ಗಂಟೆ ಹೊಡೆಯುತ್ತದೆ. ತುಂಗಾಳ ಕೆಂಪು ಅಂಗಾಲು ಅವಳ ಕಣ್ಣ ಮುಂದೆ ಬಂತು.

"ಕೂಸನ್ನ ಎತ್ತಿಕೊಂಡೇ ಬಾ ಅಜ್ಜಿ. ಇಲ್ಲಿ ಅಳೋದನ್ನ ಕಾರಲ್ಲಿ ಅಳಲಿ."

ಅಜ್ಜಿ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಕಾರು ಹೊರಟಿತು. ಚೆಲುವಮ್ಮ ಕಾರು ಓಡಿಸುವ ಪೆಡಲನ್ನು ಕಾಲಲ್ಲಿ ಮೆತ್ತಗೆ ಒತ್ತಿದಳು. ಕಾರು ಸುಮ್ಮ. ಕೂಸು ವಾಂಯ್.

ದಿಬ್ಬ ಬಂತು. ಚೆಲುವಮ್ಮ ಜೋರಾಗಿ ಒತ್ತಿದಳು. ಕಾರು ಕುಂಯ್ಯ್ಯ್. ಕೂಸು ಸುಮ್ಮ.

ಚೆಲುವಮ್ಮ ಕಾಲು ಸಡಿಲಿಸಿದಳು. ಕಾರು ಸುಮ್ಮ. ಕೂಸು ವಾಂಯ್.

ಮತ್ತೆ ಜೋರಾಗಿ ಒತ್ತಿದಳು. ಕಾರು ಕುಂಯ್ಯ್ಯ್. ಕೂಸು ಸುಮ್ಮ. ಕೂಸಿನ ಕಣ್ಣು ಮುಚ್ಚಿತು. ಕೈ ಸಡಿಲವಾಯಿತು. ಕೂಸು ಮಲಗಿಬಿಟ್ಟಿತು.

"ಮೆತ್ತಗೆ ಒತ್ತಿದರೆ ಕೂಗಲ್ಲ, ಜೋರಾಗಿ ಒತ್ತಿದರೆ ಕೂಗತ್ತೆ," ಅಂದಳು ಅಜ್ಜಿ ಪಿಸುದನಿಯಲ್ಲಿ. "ನಿನ್ನ ಕಾರು ಯಾವಾಗ ಕೂಗತ್ತೆ ಅಂತ ಕೂಸೇ ಹೇಳಿಬಿಡ್ತು ನೋಡು."

ಚೆಲುವಮ್ಮನ ಎದೆ ಹಗುರವಾಯಿತು.

ಕೂಸು ಮಲಗಿತು, ಅಜ್ಜಿ ಇಳಿದಳು. "ಬಾರೇ ನಮ್ಮಮ್ಮ," ಅಂತ ಮೆಲ್ಲಗೆ ಕರೆದಳು. ಅಜ್ಜಿ ಕರೆದಳು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಗಿರಿಯಪ್ಪ ಹೊಟ್ಟು ಕೊಟ್ಟ. ಹೊಟ್ಟು ಬಂತು, ದೊಡ್ಡಯ್ಯನ ಒಲೆ ಧಗಧಗ ಅಂತ ಉರಿಯಿತು. ಒಲೆ ಉರಿಯಿತು, ದೊಡ್ಡಯ್ಯ ಕೊಡ ಕೊಟ್ಟ. ಕೊಡ ಬಂತು, ಪುಟ್ಟತಾಯಮ್ಮನ ಗಿಡಗಳು ನೀರು ಕುಡಿದವು. ಗಿಡ ನೀರು ಕುಡಿದವು, ಪುಟ್ಟತಾಯಮ್ಮ ಪೈಪು ಕೊಟ್ಟಳು.

ಪೈಪು ದಸ್ತಗೀರನ ಕೈಗೆ ಬಂತು.

"ಜೋರಾಗಿ ಒತ್ತಿದರೆ ಮಾತ್ರ ಕೂಗತ್ತೆ ಅಣ್ಣ," ಅಂದಳು ಚೆಲುವಮ್ಮ.

"ಇದು ಮಾತು. ಕಾರು ನಿಂತಲ್ಲೇ ಇರಲಿ. ಒಂದು ಕಾಲು ಬ್ರೇಕಿನ ಮೇಲಿಡು. ಇನ್ನೊಂದು ಕಾಲಲ್ಲಿ ಜೋರಾಗಿ ಒತ್ತು."

ಚೆಲುವಮ್ಮ ಒತ್ತಿದಳು. ಕಾರು ಕುಂಯ್ಯ್ಯ್. ದಸ್ತಗೀರ ಪೈಪಿನ ಒಂದು ತುದಿ ಕಿವಿಗಿಟ್ಟ. ಇನ್ನೊಂದು ತುದಿಯಲ್ಲಿ ಹುಡುಕಿದ. ಬೆಲ್ಟಿನ ಹತ್ತಿರ ಹಿಡಿದ. ಇಲ್ಲಿ ಅಲ್ಲ. ಫ್ಯಾನಿನ ಹತ್ತಿರ ಹಿಡಿದ. ಇಲ್ಲಿ ಅಲ್ಲ. ಇನ್ನೂ ಸ್ವಲ್ಪ ಆಚೆ ಹಿಡಿದ. ಇಲ್ಲೇ.

"ಬಾ ಚೆಲುವಕ್ಕ, ನೋಡು. ಕಾರೂ ನಮ್ಮ ಹಾಗೆ ಉಸಿರಾಡತ್ತೆ. ಇದು ಅದರ ಉಸಿರಿನ ಕೊಳವೆ. ಅಡಿಯಲ್ಲಿ ಒಂದು ಸಣ್ಣ ಸೀಳು ಬಿಟ್ಟಿದೆ. ಮೆತ್ತಗೆ ಒತ್ತಿದರೆ ಸೀಳು ಮುಚ್ಚಿಕೊಂಡಿರತ್ತೆ. ಜೋರಾಗಿ ಒತ್ತಿದರೆ ಇಂಜಿನ್ನು ಅಲ್ಲಾಡತ್ತೆ, ಸೀಳು ಬಾಯಿ ಬಿಡತ್ತೆ. ಗಾಳಿ ಅಲ್ಲಿಂದ ನುಗ್ಗಿ ಕುಂಯ್ ಅನ್ನತ್ತೆ."

ದಸ್ತಗೀರ ಹಳೇ ಕೊಳವೆ ಬಿಚ್ಚಿದ. ಹೊಸ ಕೊಳವೆ ಹಾಕಿ ಬಿಗಿದ. ಚೆಲುವಮ್ಮ ಜೋರಾಗಿ ಒತ್ತಿದಳು. ಕಾರು ಸುಮ್ಮ. ಇನ್ನೂ ಜೋರಾಗಿ ಒತ್ತಿದಳು. ಆಗಲೂ ಸುಮ್ಮ.

"ನಿನ್ನ ಹೊಟ್ಟೆ ತಣ್ಣಗಿರಲಿ ಅಣ್ಣ," ಅಂದಳು ಚೆಲುವಮ್ಮ.

ಅಷ್ಟರಲ್ಲಿ ಅಂಗನವಾಡಿಯ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಬಂದರು. ತುಂಗಾ ಕಾರಿನ ಮೈ ಮುಟ್ಟಿ ನೋಡಿದಳು.

"ಹೊಟ್ಟೆನೋವು ಹೋಯ್ತಾ ಚೆಲುವತ್ತೆ?"

"ಹೋಯ್ತು ಕಂದಾ. ಅದರ ಉಸಿರಿನ ಕೊಳವೆ ಸೀಳಿತ್ತು. ಈಗ ಸರಿಯಾಗಿದೆ."

ತುಂಗಾ ಹತ್ತಿದಳು. ಅವಳ ಹಿಂದೆ ಎಲ್ಲರೂ ಹತ್ತಿದರು. ಆದರೆ ಚೆಲುವಮ್ಮ ನೇರವಾಗಿ ಗುಡ್ಡದ ಕಡೆ ತಿರುಗಿಸಲಿಲ್ಲ.

"ಉಪಕಾರ ಮಾಡಿದವರ ಮನೆ ಮುಂದೆ ಹೋಗಿ ಬರೋಣ," ಅಂದಳು.

ಕಾರು ಬೆಕ್ಕಿನ ಹಾಗೆ ಹೋಯಿತು. ಪ್ರತಿ ಬಾಗಿಲಲ್ಲೂ ಮಕ್ಕಳು ಕಿಟಕಿಯಿಂದ ಕೈ ಬೀಸಿದರು.

"ದಸ್ತಗೀರ ಮಾಮ, ಸದ್ದು ಹುಡುಕಿದೆ, ನಿನ್ನ ಹೊಟ್ಟೆ ತಣ್ಣಗಿರಲಿ. ಪುಟ್ಟತಾಯತ್ತೆ, ಪೈಪು ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ. ದೊಡ್ಡಯ್ಯ ತಾತ, ಕೊಡ ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ. ಗಿರಿಯಪ್ಪ ಮಾಮ, ಹೊಟ್ಟು ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ. ಎಮ್ಮೆ ಎಮ್ಮೆ, ಎದ್ದು ನಿಂತೆ, ನಿನ್ನ ಹೊಟ್ಟೆ ತಣ್ಣಗಿರಲಿ."

ಎಮ್ಮೆ ಅಷ್ಟು ಹೊತ್ತಿಗೆ ಕೆರೆಯಲ್ಲಿ ಕುತ್ತಿಗೆವರೆಗೆ ಮುಳುಗಿತ್ತು. ಅದರ ಹೊಟ್ಟೆ ಆಗಲೇ ತಣ್ಣಗಿತ್ತು.

ಕೊನೆಗೆ ಕೆಂಪಜ್ಜಿಯ ಮನೆ ಬಂತು. ಕೂಸು ಎದ್ದಿತ್ತು. ವಾಂಯ್ ವಾಂಯ್ ಅಂತ ಅಳುತ್ತಿತ್ತು.

"ಒಳ್ಳೇದಾಯ್ತು ಬಾ," ಅಂದಳು ಅಜ್ಜಿ. "ಇನ್ನೊಂದು ಸಲ ನಿನ್ನ ಕಾರು ಕೂಗಿಸು."

"ಅದಿನ್ನು ಕೂಗಲ್ಲ ಅಜ್ಜಿ," ಅಂದಳು ಚೆಲುವಮ್ಮ. ಅವಳ ಮುಖ ಸಣ್ಣದಾಯಿತು. ಎಲ್ಲರಿಗಿಂತ ದೊಡ್ಡ ಉಪಕಾರ ಈ ಕೂಸಿನದು. ಈಗ ಕೂಸಿಗೆ ಏನು ಮಾಡುವುದು?

ತುಂಗಾ ಕಿಟಕಿಯಿಂದ ತಲೆ ಹಾಕಿದಳು. ಅಳುವ ಕೂಸನ್ನು ನೋಡಿದಳು. ತುಟಿ ಕೂಡಿಸಿ, ಮೆಲ್ಲಗೆ ಕುಂಯ್ಯ್ಯ್ ಅಂದಳು.

ಕೂಸು ಅಳು ನಿಲ್ಲಿಸಿ ತಿರುಗಿ ನೋಡಿತು.

ಆಗ ಎಲ್ಲ ಮಕ್ಕಳೂ ಸೇರಿ ಕುಂಯ್ಯ್ಯ್ ಅಂದರು. ಕೂಸಿನ ಕಣ್ಣು ಮುಚ್ಚಿತು. ಕೈ ಸಡಿಲವಾಯಿತು. ಕೂಸು ಅಜ್ಜಿಯ ಹೆಗಲ ಮೇಲೆ ಮಲಗಿಬಿಟ್ಟಿತು.

ಅಂದಿನಿಂದ ದಿನಾ ಮಧ್ಯಾಹ್ನ ನೀಲಿ ಕಾರು ಕೆಂಪಜ್ಜಿಯ ಮನೆ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಕಾರು ಸುಮ್ಮ, ಮಕ್ಕಳು ಕುಂಯ್.

ಕಾರು ಗುಡ್ಡ ಹತ್ತಿತು. ಕಥೆ ಗುಡ್ಡ ಇಳಿಯಿತು.