ಗಂಟೆಗೆ ತೊಡಿಸಿದ ಮಂಕಿ ಕ್ಯಾಪ್

"ಬುದ್ಧೀ, ಆ ಬೌದ್ಧರ ಬೆಟ್ಟದ ದೇಶಕ್ಕೆ ಹೋದ್ರೆ ಮನಸ್ಸಿಗೆ ಶಾಂತಿ ಸಿಗುತ್ತಂತೆ. ನಾನೂ ಒಂದ್ಸಲ ಹೋಗಿ ಬರ್ಲಾ?" ಅಂತ ಷಡಕ್ಷರಿ ಕೇಳಿದ.

ಷಡಕ್ಷರಿ ಮೂರು ವರ್ಷದಿಂದ ಮಠದಲ್ಲಿರೋ ಶಿಷ್ಯ. ಕೇಳಿದ್ದು ಗುರುಗಳನ್ನ. ಅವರು ಜಗಲಿ ಮೇಲೆ ಕೂತು ಕಡ್ಲೇಕಾಯಿ ಬಿಡಿಸ್ತಾ ಇದ್ರು.

"ಯಾಕಪ್ಪಾ, ಇಲ್ಲಿ ಸಿಗ್ತಿಲ್ವಾ?" ಅಂದ್ರು ಗುರುಗಳು.

"ಇಲ್ಲೆಲ್ಲಿ ಬುದ್ಧೀ? ಬೆಳಗ್ಗೆ ಎದ್ರೆ ಪೂಜೆ ಗಂಟೆ. ಆಮೇಲೆ ರುಬ್ಬೋ ಮಷೀನು. ಮಧ್ಯಾಹ್ನ ಊಟದ ಗಂಟೆ. ಧ್ಯಾನಕ್ಕೆ ಅಂತ ಕಣ್ಣು ಮುಚ್ಚೋದೇ ತಡ, ಢಣ್ ಅನ್ನುತ್ತೆ. ಅಲ್ಲಿ ಕಾರಿನವರು ಹಾರನ್ ಕೂಡ ಹೊಡೆಯಲ್ವಂತೆ. ಇವತ್ತೊಂದಿನ ಇಲ್ಲೂ ಸ್ವಲ್ಪ ತಣ್ಣಗಿದೆ ಅನ್ನಿ."

ಹೌದು, ಅವತ್ತು ತಣ್ಣಗಿತ್ತು. ಮಠದ ಅಡುಗೆಯವರಿಗೆ ಕಿವಿ ಮಂದ. ದಿನದ ಹಾಗೆ ಊಟದ ಗಂಟೆಯ ಹಗ್ಗ ಹತ್ತು ಸಲ ಎಳೆದು, ಒಳಗೆ ಹೋಗಿ ಸೌಟು ಹಿಡ್ಕೊಂಡು ನಿಂತಿದ್ರು. ಊಟಕ್ಕೆ ಒಬ್ಬರೂ ಬಂದಿರಲಿಲ್ಲ. ಮಠದ ಹೊಲದಲ್ಲಿ ಕಳೆ ಕೀಳ್ತಿದ್ದ ಹೆಂಗಸರು ಬಗ್ಗಿದವರು ಬಗ್ಗಿದ ಹಾಗೇ ಇದ್ರು.

ಗುರುಗಳು ಒಂದ್ಸಲ ಹೊಲದ ಕಡೆ ನೋಡಿದ್ರು. ಒಂದ್ಸಲ ಷಡಕ್ಷರಿಯ ಬರೀ ಹೆಗಲು ನೋಡಿದ್ರು. ಆಮೇಲೆ ಕತೆ ಶುರು ಮಾಡಿದ್ರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನದು ಸ್ಟೀಲ್ ಪಾತ್ರೆ ಅಂಗಡಿ. ಶಟರ್ ಎತ್ತಿದ್ರೆ ಶಟರ್ ಇಳಿಸೋವರೆಗೂ ಠಣಠಣ. ಬಂದೋರೆಲ್ಲ ತಟ್ಟೆ ಬಡಿದು ನೋಡೋರು, ಕೊಡ ಕುಟ್ಟಿ ನೋಡೋರು. ತಗೊಂಡಿದ್ದಕ್ಕೆಲ್ಲ ಹೆಸರು ಹಾಕಿಸೋರು. ಹೆಸರು ಹಾಕೋ ಮಷೀನು ಕರ್ ಅನ್ನೋದು. ಮೂವತ್ತು ವರ್ಷ ಹೀಗಾಯ್ತು. ಅಂಗಡಿ ಅವನ ಕಿವಿಯೊಳಗೆ ಸೇರ್ಕೊಂಡ್ಬಿಡ್ತು. ಹಬ್ಬದ ದಿನ ರಜಾ ಹಾಕಿ ಮನೇಲಿ ಮಲಗಿದ್ರೂ ಒಳಗೆ ಲೋಟ ಬೀಳೋದು.

ಯಾರೋ ಆ ಬೆಟ್ಟದ ದೇಶದ ಹೆಸರು ಹೇಳಿದ್ರು. ಟೂರ್ ಬಸ್ಸಿನವರ ಜೊತೆ ಹೊರಟ. ಬಸ್ಸಲ್ಲಿ ಮೂವತ್ತೈದು ಜನ, ಒಬ್ಬ ಅಡುಗೆಯವನು, ಎರಡು ಡಬ್ಬ ಪುಳಿಯೋಗರೆ ಗೊಜ್ಜು. ಗುಡಿ ಮುಂದೆ ಬಸ್ಸು ನಿಲ್ಲೋದೇ ತಡ, ಅರ್ಧ ಜನ ಬಿಸಿನೀರು ಎಲ್ಲಿ ಅಂತ ಕೂಗೋರು, ಇನ್ನರ್ಧ ಜನ ಫೋಟೋಗೆ ಬನ್ನಿ ಅಂತ ಕೂಗೋರು. ವ್ಯಾಪಾರಿಗೆ ಅಂಗಡೀನೇ ಚಕ್ರ ಹಾಕ್ಕೊಂಡು ಜೊತೇಲಿ ಬಂದ ಹಾಗಾಯ್ತು.

ಕೊನೇ ದಿನ ಬಸ್ಸಿನವರೆಲ್ಲ ಸ್ವೆಟರ್ ಕೊಳ್ಳೋಕೆ ಹೋದ್ರು. ವ್ಯಾಪಾರಿ ಅಲ್ಲಿಯ ಗೈಡನ್ನ ಪಕ್ಕಕ್ಕೆ ಕರೆದ.

"ನಾಳೆ ವಾಪಸ್ ಹೊರಡ್ತೀವಪ್ಪಾ. ಸದ್ದೇ ಇಲ್ಲದ ಒಂದು ಜಾಗ ತೋರಿಸು. ಅರ್ಧ ದಿನ ಸುಮ್ನೆ ಕೂತಿದ್ದು ಬರ್ತೀನಿ. ಇಲ್ಲ ಅಂದ್ರೆ ನಂಗೆ ಹುಚ್ಚು ಹಿಡಿಯುತ್ತೆ" ಅಂದ.

ಗೈಡು ಗುಡ್ಡದ ಮೇಲೆ ಒಂದು ತೊರೆ ಹತ್ರ ಕರ್ಕೊಂಡು ಹೋದ. ತೊರೆ ಮೇಲೊಂದು ಪುಟ್ಟ ಗೂಡು. ಗೂಡೊಳಗೆ ಮಂತ್ರ ಬರೆದ ದೊಡ್ಡ ಚಕ್ರ. ಕೆಳಗಿನ ನೀರು ತಳ್ಳಿದ ಹಾಗೆ ಚಕ್ರ ತಿರುಗೋದು. ಒಂದು ಸುತ್ತು ಮುಗಿದ್ರೆ ಒಂದು ಕಡ್ಡಿ ಹೋಗಿ ಮೇಲಿನ ಗಂಟೆಗೆ ಬಡಿಯೋದು. ಗೈಡು ಇವನನ್ನ ಅಲ್ಲಿ ಕೂರಿಸಿ ಟೀ ಕುಡಿಯೋಕೆ ಕೆಳಗಿಳಿದ.

ವ್ಯಾಪಾರಿ ಕಣ್ಣು ಮುಚ್ಚಿದ. ಟಿಣ್ ಅಂತು. ಮತ್ತೆ ಮುಚ್ಚಿದ. ಟಿಣ್. ಥೇಟ್ ಅಂಗಡೀಲಿ ಚಮಚ ಬಿದ್ದ ಸದ್ದು.

"ಥೂ, ಇಲ್ಲಿಗೂ ಬಂದ್ಯಾ" ಅಂತ ಎದ್ದ. ತಲೆ ಮೇಲಿದ್ದ ಮಂಕಿ ಕ್ಯಾಪ್ ಕಿತ್ತು ಗಂಟೆಗೆ ತೊಡಿಸಿದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತ್ಕೊಂತು.

ಚಕ್ರ ತಿರುಗ್ತಾನೇ ಇತ್ತು. ಸದ್ದು ಹೋಯ್ತು. ಸ್ವಲ್ಪ ಹೊತ್ತಿಗೆ ಅವನ ಕಿವಿಯೊಳಗಿನ ಲೋಟ, ತಟ್ಟೆ, ಮಷೀನು ಎಲ್ಲಾ ಒಂದೊಂದಾಗಿ ನಿಂತ್ವು. ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಕಣ್ಣಲ್ಲಿ ನೀರು ಬಂತು.

"ನೋಡಿ, ಸಿಕ್ತಲ್ಲ ಬುದ್ಧೀ!" ಅಂದ ಷಡಕ್ಷರಿ.

"ತಡ್ಕೋ" ಅಂದ್ರು ಗುರುಗಳು.

ಒಬ್ಬ ಮುದುಕಿ ಏದುಸಿರು ಬಿಡ್ತಾ ಗುಡ್ಡ ಹತ್ತಿ ಬಂದ್ಲು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲೋ ಬಿದ್ದು ಮಂಡಿ ಒಡ್ಕೊಂಡಿದ್ಲು, ರಕ್ತ ಸೋರ್ತಿತ್ತು. ಅವಳ ಹಿಂದೇನೇ ಗೈಡು ಓಡಿ ಬಂದ. ಅವಳು ಯಾರನ್ನೂ ನೋಡ್ಲಿಲ್ಲ. ನೇರ ಗೂಡಿಗೆ ಹೋಗಿ ಚಕ್ರದ ಮೇಲೆ ಕೈ ಇಟ್ಲು. ಅದು ತಿರುಗ್ತಾ ಇತ್ತು. ಅಲ್ಲೇ ಕುಸಿದು ಕೂತ್ಲು.

ಗೈಡು ವಿಷಯ ಹೇಳಿದ. ಅವಳ ಗಂಡ ಸತ್ತು ನಲವತ್ತೇಳು ದಿನ ಆಗಿತ್ತು. ಸತ್ತೋರು ಮುಂದಿನ ದಾರಿ ಹಿಡಿಯೋಕೆ ನಲವತ್ತೊಂಬತ್ತು ದಿನ ಬೇಕು ಅಂತ ಅಲ್ಲಿಯವರ ನಂಬಿಕೆ. ಅಷ್ಟು ದಿನ ಈ ಚಕ್ರ ನಿಲ್ಲೋಕೆ ಬಿಡಲ್ಲ ಅಂತ ಮುದುಕಿ ಗಂಡನಿಗೆ ಮಾತು ಕೊಟ್ಟಿದ್ಲು. ಅವಳ ಮನೆ ಕೆಳಗೆ ಕಣಿವೇಲಿ. ಎಲೆ ಸಿಕ್ಕೊಂಡು ಚಕ್ರ ನಿಂತ್ರೆ ಗಂಟೇನೂ ನಿಲ್ಲೋದು. ಗಂಟೆ ನಿಂತ್ರೆ ಅವಳು ಮೇಲೆ ಓಡಿ ಬಂದು ಎಲೆ ತೆಗೆದು ಹೋಗೋಳು.

"ಅಜ್ಜೀ, ನಾನು ಚಕ್ರ ನಿಲ್ಲಿಸ್ಲಿಲ್ಲ. ಸದ್ದು ಒಂದೇ ನಿಲ್ಲಿಸಿದ್ದು" ಅಂದ ವ್ಯಾಪಾರಿ. ಗೈಡು ಅದನ್ನ ಅವಳ ಭಾಷೇಲಿ ಹೇಳಿದ.

"ಅಷ್ಟು ದೂರದಿಂದ ನಂಗೆ ಚಕ್ರ ಕಾಣಲ್ಲ ಮಗಾ" ಅಂದ್ಲು ಮುದುಕಿ.

ಎದ್ದು ಗಂಟೆ ಮೇಲಿನ ಕ್ಯಾಪ್ ತೆಗೆದ್ಲು. ಮೂಸಿ ನೋಡಿದ್ಲು. ಕೊಬ್ಬರಿ ಎಣ್ಣೆ ವಾಸನೆಗೆ ಮುಖ ಕಿವುಚಿದ್ಲು. ವ್ಯಾಪಾರಿ ಹತ್ರ ಬಂದು ಅವನ ತಲೆಗೆ ಅದನ್ನ ಹಾಕಿ, ಎರಡೂ ಕೈಯಲ್ಲಿ ಕಿವಿ ಮುಚ್ಚೋ ಹಾಗೆ ಕೆಳಕ್ಕೆ ಎಳೆದ್ಲು. ಮಕ್ಕಳಿಗೆ ಚಳೀಲಿ ಎಳೀತಾರಲ್ಲ, ಹಾಗೆ.

ಅವಳಿಗೆ ಇಳಿಯೋಕಾಗ್ತಿರಲಿಲ್ಲ. ವ್ಯಾಪಾರಿ ತೋಳು ಕೊಟ್ಟು ಅವಳ ಮನೆವರೆಗೂ ಬಿಟ್ಟ. ಹೊಸ್ತಿಲ ಹತ್ರ ನಿಂತು ಕ್ಯಾಪ್ ಕಿವಿಯಿಂದ ಮೇಲಕ್ಕೆ ಸರಿಸಿದ. ಗುಡ್ಡದ ಮೇಲಿಂದ ಸಣ್ಣಗೆ ಟಿಣ್ ಅಂತು. ಗಾಯ ತೊಳೀತಿದ್ದ ಮುದುಕಿ ತಲೆ ಆಡಿಸಿದ್ಲು. ಮತ್ತೆ ಟಿಣ್ ಅಂತು. ಮತ್ತೆ ತಲೆ ಆಡಿಸಿದ್ಲು. ರಸ್ತೆಯಿಂದ ಬಸ್ಸಿನವರು ಅವನ ಹೆಸರು ಹಿಡಿದು ಕೂಗ್ತಾ ಇದ್ರು. ವ್ಯಾಪಾರಿ ಮೂರನೇ ಟಿಣ್‌ಗೆ ಕಾಯ್ತಾ ಅಲ್ಲೇ ನಿಂತಿದ್ದ.

ಗುರುಗಳು ಇಷ್ಟು ಹೇಳಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿದ್ರು. ಹೊಲದಲ್ಲಿ ಒಬ್ಬಳು ಸೊಂಟ ಹಿಡ್ಕೊಂಡು ಎದ್ದು ನಿಂತು, ಹೊತ್ತು ನೋಡಿ, ಮಠದ ಕಡೆ ಕಿವಿ ಕೊಟ್ಟು, ಮತ್ತೆ ಬಗ್ಗಿದ್ಲು. ಒಳಗೆ ಅಡುಗೆಯವರು ಸಾರಿನ ಮೇಲೆ ಮತ್ತೆ ತಟ್ಟೆ ಮುಚ್ಚಿದ್ರು.

"ಕತೆ ಚೆನ್ನಾಗಿದೆ ಬುದ್ಧೀ. ನಾನು ಆ ದೇಶಕ್ಕೆ ಹೋಗ್ಲಾ ಬೇಡ್ವಾ, ಅದನ್ನ ಹೇಳಿ" ಅಂದ ಷಡಕ್ಷರಿ.

"ಧಾರಾಳವಾಗಿ ಹೋಗಿ ಬಾಪ್ಪಾ, ಆದ್ರೆ ಊಟದ ಗಂಟೆ ನಾಲಿಗೆಗೆ ಸುತ್ತಿರೋ ನಿನ್ನ ಟವೆಲ್ ಬಿಚ್ಕೊಂಡು ಹೋಗು, ಅಲ್ಲಿ ಚಳಿ ಜಾಸ್ತಿ" ಅಂದ್ರು ಗುರುಗಳು.